ಉಚ್ಚೆಂಗೆಪ್ಪನ ಪಾದ ಮತ್ತು ಬೈಕ್ ಲೇನು

ಮೋಕದಿಂದ ಬಳ್ಳಾರಿಯ ಕಂಟೋನ್ಮೆಂಟಿನ ತನಕ, ಸೈಕಲ್ ಏರಿದ ಉಚ್ಚೆಂಗೆಪ್ಪನ ಪಾದ ನೆಲ ಸೋಕಿದ್ದನ್ನು ಕಂಡ ನರಮನುಷ್ಯನಿಲ್ಲ. ಸಿಗ್ನಲ್ಲು ಕೆಂಪಾದರೆ ಉಳಿದವರು ಕಾಲೂರುತ್ತಾರೆ. ಆತ ಸರ್ಕಲ್ಲಿಗೇ ಪ್ರದಕ್ಷಿಣೆ ಹಾಕುತ್ತಾನೆ. ಸಿರಿಗೇರಿಯ ಕಡೆಯಂತೂ, ಆತ ತಾಳಿ ಕಟ್ಟಿದ್ದೂ ಸೈಕಲ್ ಮೇಲಿಂದಲೇ ಎಂದು ಆಣೆ ಮಾಡಿ ಹೇಳುತ್ತಾರೆ.

ಇಂಥ ಮಹಾಪುರುಷ ಈಗ ರಸ್ತೆಯಂಚಿನ ಹೊಸ ಹಸಿರು ಪಟ್ಟೆಯಲ್ಲಿ, ಬೋರ್ಡಿನ ಕಂಬವನ್ನು ಒಂದು ಕೈಯಲ್ಲಿ ತಬ್ಬಿ, ಸೀಟಿನ ಮೇಲಿಂದಲೇ ಗುಡುಗುತ್ತಿದ್ದ. ಎದುರಿಗೆ ಮೋಟಾರ್ ಬೈಕು ಅಡ್ಡ ನಿಂತಿತ್ತು. ಅದರ ಮೇಲೆ ಕುಳಿತ ಹೊನ್ನೂರಸ್ವಾಮಿ, ಪಕ್ಕದಲ್ಲೇ ನಿಂತ ಪಕ್ಕೀರಮ್ಮನ ತಳ್ಳುಬಂಡಿಯ ಬಿಸಿ ಮಿರ್ಚಿ ಮೆಲ್ಲುತ್ತಿದ್ದ.

“ತೆಗಿಯಲೇ ನಿನ್ನ ಗಾಡಿ! ಇದು ಸೈಕಲ್ಲಿನ ದಾರಿ!”

“ಬೋರ್ಡು ಓದ್ರಿ ಮಾವ. ‘ಬೈಕ್ ಲೇನ್’ ಅಂತ ಐತಿ. ನಂದು ಬೈಕು, ನಿಮ್ದು ಸೈಕಲ್ಲು.”

“ಇಂಗ್ಲಿಷಿನಾಗ ಬೈಕ್ ಅಂದ್ರ ಸೈಕಲ್ಲೋ!”

“ಬೋರ್ಡು ಕನ್ನಡದಾಗ ಬರದಾರಲ್ರಿ!”

“ಬೋರ್ಡಿನಾಗಿನ ಚಿತ್ರ ನೋಡು! ಪೆಡಲ್ ಕಾಣವಲ್ದೇನು?”

ಹೊನ್ನೂರಸ್ವಾಮಿ ಕತ್ತು ಓರೆ ಮಾಡಿ ನೋಡಿದ.

“ಅದು ಕಿಕ್ಕರ್ರು.”

“ಕಿಕ್ಕರ್ರು ಎರಡೂ ಕಡಿ ಇರತೈತೇನಲೇ?”

“ಒಂದು ಸ್ಪೇರು.”

“ಪಕ್ಕೀರಮ್ಮ, ನೀನಾರ ಹೇಳವ್ವ! ನಿನ್ನ ಬಂಡೀನೂ ದಾರ್ಯಾಗ ಐತಿ!”

“ಎರಡು ಗಾಲೀಗೆ ಒಂದು ಬೈಕ್ ಅಂದ್ರ, ನಂದು ನಾಕು ಗಾಲಿ. ಎರಡು ಬೈಕ್ ಆತು ನೋಡಪ,” ಎಂದು ಪಕ್ಕೀರಮ್ಮ ಇನ್ನೊಂದು ಮಿರ್ಚಿಯನ್ನು ಎಣ್ಣೆಗೆ ಇಳಿಸಿದಳು.

“ಸಿಟ್ಟು ಯಾಕ್ರಿ ಮಾವ? ಇಳೀರಿ, ಕುಂತು ಒಂದು ಮಿರ್ಚಿ ತಿನ್ರಿ.”

ಉಚ್ಚೆಂಗೆಪ್ಪ ಮಿರ್ಚಿಯನ್ನು ನೋಡಿದ, ಉಗುಳು ನುಂಗಿದ.

“ಇಳಿಯಂಗಿಲ್ಲ!”

“ಹಂಗಾರ ಆ ದೊಡ್ಡ ರಸ್ತ್ಯಾಗ ಹೋಗ್ರಿ.”

“ಅಲ್ಲಿ ಲಾರಿ ಅಡ್ಡ ಬಂದ್ರ?”

“ಕಾಲೂರಿ ನಿಲ್ರಿ.”

“ನಿಲ್ಲಂಗಿಲ್ಲ!”

ಹೊನ್ನೂರಸ್ವಾಮಿಯ ಮೈ ಜುಮ್ಮೆಂದಿತು. ಮಿರ್ಚಿಗೂ ಇಳಿಯದ, ಲಾರಿಗೂ ನಿಲ್ಲದ ಈ ಜೀವ ಸಾಮಾನ್ಯದ್ದಲ್ಲ! ದಡಬಡಿಸಿ ಬೈಕನ್ನು ಬದಿಗೆ ನೂಕಿದ. ಪಕ್ಕೀರಮ್ಮನೂ ಸೆರಗು ಹೊದ್ದು ಬಂಡಿ ಸರಿಸಿದಳು. ಹಸಿರು ದಾರಿ ಉದ್ದಕ್ಕೂ ತೆರೆದುಕೊಂಡಿತು.

ಹೊನ್ನೂರಸ್ವಾಮಿ ಎಣ್ಣೆಗೈಯನ್ನೇ ಜೋಡಿಸಿದ.

“ತಪ್ಪಾತ್ರಿ ಮಾವ. ಒಂದು ಮಾತು ಹೇಳ್ರಿ, ಇದು ಯಾವ ದೇವರ ಹರಕಿ?”

“ಹರಕಿನೂ ಇಲ್ಲ, ಗಿರಕಿನೂ ಇಲ್ಲಪ,” ಎಂದ ಉಚ್ಚೆಂಗೆಪ್ಪ. “ಸೈಕಲ್ಲು ನಮ್ಮಣ್ಣಂದು. ಭಾಳ ಎತ್ತರ. ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ಲ. ಇಳಿದ್ರ ಮತ್ತ ಏರಾಕ ಮನಿ ಕಟ್ಟೀನ ಬೇಕು. ಕೈ ಸೋತೈತಿ, ಹಿಂದಿಂದ ಸ್ವಲ್ಪ ನೂಕು.”