ನಲವತ್ತು ಕನ್ನಡಿ, ಒಂದು ಕೊಳಗ

"ಅಕ್ಕಾ, ಇನ್ಮೇಲೆ ಸಿಗ್ನಲ್ ಹುಡುಕ್ಕೊಂಡು ನೀನು ಹೋಗೋದಲ್ಲ. ಅದೇ ನಿನ್ನ ಹುಡುಕ್ಕೊಂಡು ಬರುತ್ತೆ!"

ದಕ್ಷಿಣಾಮೂರ್ತಿ ತಾರಸಿಯ ಮೇಲೆ ಮುಚ್ಚಿದ್ದ ಪರದೆ ಸರಿಸಿದ. ಅಂಗೈಯಗಲದ ನಲವತ್ತು ಕನ್ನಡಿಗಳು ಒಟ್ಟಿಗೆ ಕತ್ತು ತಿರುಗಿಸಿ ಸುಗುಣಮ್ಮನವರನ್ನು ನೋಡಿದವು. ಮೂವತ್ತೆರಡು ವರ್ಷ ಪಾಠ ಹೇಳಿದ ಅವರನ್ನು ಯಾವ ತರಗತಿಯೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ!

ಎದುರಿಗೆ ಕಲ್ಯಾಣಮಂಟಪ ಎದ್ದ ಮೇಲೆ ಮನೆಗೆ ಸಿಗ್ನಲ್ ಇಲ್ಲ. ತಾವಿನ್ನೂ ಬದುಕಿದ್ದೇವೆಂದು ಫೋನಿನಲ್ಲಿ ಮುಖ ತೋರಿಸಲು ಇವತ್ತು ಸಂಜೆ ಐದೇ ಕೊನೆ. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಬೀದಿ ತುದಿಯವರೆಗೆ ನಡೆಯಲು ಮಂಡಿ ಒಪ್ಪುವುದಿಲ್ಲ. ಅದಕ್ಕೇ ತಮ್ಮನ ಈ ಉಪಾಯ: ಆಚೆ ಬೀದಿಯ ನೀರಿನ ಟ್ಯಾಂಕಿನ ಮೇಲೊಂದು ದೀಪ ಸಂದೇಶಗಳನ್ನು ಬೆಳಕಿನಲ್ಲಿ ಕಳಿಸುತ್ತದೆ, ಕನ್ನಡಿಗಳು ಫೋನನ್ನು ಹುಡುಕಿ ಬೆಳಕನ್ನು ಅಲ್ಲಿಗೆ ತಿರುಗಿಸುತ್ತವೆ.

ಫೋನಿನಲ್ಲಿ ಸಿಗ್ನಲಿನ ಒಂದು ಗೀಟು ಮೂಡಿತು. ಅಷ್ಟರಲ್ಲೇ ಕನ್ನಡಿಗಳೆಲ್ಲ ಪಕ್ಕಕ್ಕೆ ತಿರುಗಿದವು!

ಪಕ್ಕದ ಮನೆಯ ಪಂಕಜಮ್ಮ ನಾಳೆಯ ಶುಕ್ರವಾರದ ಪೂಜೆಗೆ ಹಿತ್ತಾಳೆ ಪಾತ್ರೆಗಳನ್ನು ಹುಣಸೇಹಣ್ಣು ಹಾಕಿ ಉಜ್ಜಿ, ನಡುಗೋಡೆಯ ಮೇಲೆ ಒಣಗಲಿಟ್ಟಿದ್ದರು. ನಡುವಿನ ದೊಡ್ಡ ಕೊಳಗ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

"ಜಾಸ್ತಿ ಹೊಳೆಯೋದೇ ಫೋನು ಅಂತ ಕಲಿಸ್ಬಿಟ್ಟಿದೀನಿ," ದಕ್ಷಿಣಾಮೂರ್ತಿ ತಲೆ ಕೆರೆದುಕೊಂಡ. "ಪಂಕಜಮ್ಮ, ಆ ಕೊಳಗ ಒಳಗಿಡ್ತೀರಾ?"

"ಒದ್ದೆ ಇರುವಾಗ್ಲಾ? ಕಲೆ ಬೀಳುತ್ತೆ! ಉಜ್ಜಿ ಉಜ್ಜಿ ನನ್ನ ರಟ್ಟೆ ಬಿದ್ಹೋಗಿದೆ. ನಿಮ್ಮ ಕನ್ನಡಿಗೇ ಹೇಳಿ, ಬೇರೆ ಕಡೆ ನೋಡಲಿ!"

ಅವನು ಕೊಳಗಕ್ಕೆ ಅಡ್ಡಲಾಗಿ ಬೆಡ್‌ಶೀಟ್ ಹಿಡಿದ. ಕನ್ನಡಿಗಳು ಕ್ಷಣ ಯೋಚಿಸಿ ಸುಗುಣಮ್ಮನವರ ಮೂಗುತಿಗೆ ಎರಗಿದವು!

'ಮುಖ ಕಾಣುತ್ತಿಲ್ಲ,' ಎಂದಿತು ಫೋನು. 'ಬೆಳಕು ಮಾತ್ರ ಕಾಣುತ್ತಿದೆ.'

"ನೋಡು ದಕ್ಷಿಣ, ನನ್ನ ದೀಪನೇ ಮಾಡ್ಬಿಟ್ಟೆ."

"ಮೂಗುತಿ ತೆಗಿ ಅಕ್ಕಾ!"

"ನಲವತ್ತು ವರ್ಷದ ತಿರುಪು ಕಣೋ! ಅದು ಬರಬೇಕಾದ್ರೆ ಮೂಗೂ ಜೊತೆಗೆ ಬರುತ್ತೆ."

ಐದಕ್ಕೆ ಇನ್ನು ಆರೇ ನಿಮಿಷ. ಸುಗುಣಮ್ಮನವರಿಗೆ ಸಾಕಾಗಿತ್ತು. ಬೆಡ್‌ಶೀಟ್ ಕಿತ್ತೆಸೆದು, ಮಂಡಿ ಹಿಡಿದುಕೊಂಡು ಹೋಗಿ, ಬೆಳಕೆಲ್ಲ ಮತ್ತೆ ಬೀಳತೊಡಗಿದ್ದ ಕೊಳಗದ ಪಕ್ಕದಲ್ಲೇ ನಿಂತು ಫೋನು ಎತ್ತಿದರು.

"ಮುಟ್ಟಬೇಡೀ! ಮಡಿ!" ಪಂಕಜಮ್ಮ ಕೂಗಿದರು.

"ಮುಟ್ಟಲ್ಲ ತಾಯಿ. ಪಕ್ಕದಲ್ಲಿ ಬದುಕಿರ್ತೀನಿ, ಅಷ್ಟೇ."

ಕೊಳಗದಿಂದ ಪುಟಿದ ಬೆಳಕು ಫೋನಿಗೆ ಬಿತ್ತು. ಗೀಟುಗಳೆಲ್ಲ ತುಂಬಿದವು! 'ಕಣ್ಣು ಮಿಟುಕಿಸಿ' ಎಂದಿತು. ಮಿಟುಕಿಸಿದರು. ಕೊಳಗದ ಹೊಟ್ಟೆಯಲ್ಲಿ ಕುಂಬಳಕಾಯಿಯಂತೆ ಊದಿಕೊಂಡಿದ್ದ ಇನ್ನೊಬ್ಬ ಸುಗುಣಮ್ಮನೂ ಮಿಟುಕಿಸಿದಳು.

ಟಿಂಗ್! 'ಅಭಿನಂದನೆಗಳು. ಇಬ್ಬರು ಪಿಂಚಣಿದಾರರೂ ಜೀವಂತವಾಗಿದ್ದಾರೆ.'

"ಅಯ್ಯೋ, ಇಬ್ಬರಾದ್ರಲ್ಲಾ!" ಎಂದರು ಪಂಕಜಮ್ಮ. "ಇನ್ನೊಬ್ಬರ ಪಿಂಚಣಿ ಬೇಡ ಅಂತ ಅರ್ಜಿ ಕೊಡಲ್ವಾ?"

"ಕೊಡಲ್ಲ," ಸುಗುಣಮ್ಮ ಗೋಡೆಗೊರಗಿದರು. "ಮುಂದಿನ ವರ್ಷ ಬದುಕಿರೋ ಕೆಲಸ ಅವಳೇ ಮಾಡಲಿ."