ಜವಳಗೇರಾದ ಹರಿದ ಕಿವಿ

ಮಾತು ಕಡಿಮೆ ಇದ್ದವರ ಮುಂದೆ ಜನ ಹೆಚ್ಚು ಹೇಳಿಕೊಳ್ಳುತ್ತಾರೇನೋ. ತೊಂಬತ್ತರ ದಶಕದ ಶುರುವಿನಲ್ಲಿ ಸಿಂಧನೂರಿನ ಒಂದು ವಿಮಾ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಬಂದವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಫಾರ್ಮಿಗೆ ತುಂಬುವುದು. ತಲೆ ತಗ್ಗಿಸಿ ಬರೆಯುತ್ತಿದ್ದೆ. ನಗು ಬಂದರೆ ಇನ್ನಷ್ಟು ತಗ್ಗಿಸುತ್ತಿದ್ದೆ. ನಗು ಬಾರದ ದಿನ ಕಡಿಮೆ.

೧. ಮೂಗಿನ ಮೇಲಿನ ಮಚ್ಚೆ

ಲಿಂಗಸುಗೂರಿನ ಹುಡುಗನೊಬ್ಬ ಹೆಣ್ಣು ನೋಡಲು ಹೋಗುವ ಮುಂಚೆ ಮೂಗಿನ ಮೇಲಿನ ಮಚ್ಚೆ ತೆಗೆಸಿದ್ದ. ಗಾಯ ಕೀವಾಗಿ ಮೂರು ದಿನ ಆಸ್ಪತ್ರೆ ಸೇರಿದ್ದ. ಮ್ಯಾನೇಜರು ಸಮಾಧಾನದಿಂದಲೇ ಹೇಳಿದರು:

“ಚಂದ ಕಾಣಾಕ ಮಾಡಿಸಿದ ಆಪರೇಷನ್‌ಗೆ ವಿಮಾ ಇಲ್ಲಪಾ. ಅದರಿಂದ ಆದ ತ್ರಾಸಿಗೂ ಇಲ್ಲ. ಅಪಘಾತದ ಗಾಯ ಆಗಿದ್ರ ಮಾತು ಬ್ಯಾರೆ. ಅರ್ಜಿ ರಿಜೆಕ್ಟ್.”

“ಹೋಗ್ಲಿ ಬಿಡ್ರಿ ಸರ. ನೋಡಾಕ ಹೋದ ಹುಡುಗಿನೂ ರಿಜೆಕ್ಟ್ ಮಾಡ್ಯಾಳ.”

೨. ಬಂಗಾರದ ತೂಕ

ಜವಳಗೇರಾದ ಹೆಣ್ಣುಮಗಳೊಬ್ಬಳು ಬಂದಳು. ಜೊತೆಗೆ ಓಣಿಯ ಇಬ್ಬರು. ಹರಿದ ಕಿವಿಯನ್ನು ರಾಯಚೂರಿನ ಆಸ್ಪತ್ರೆಯಲ್ಲಿ ಹೊಲಿಸಿಕೊಂಡಿದ್ದಳು. ಅದು ಬಾತು ನಾಲ್ಕು ದಿನ ಅಲ್ಲೇ ಮಲಗಿದ್ದಳು. ಖರ್ಚಿಗೆ ಹಾಲಿನ ಎಮ್ಮೆ ಮಾರಿದ್ದಳು. ವಿಮಾ ಏಜೆಂಟನಾಗಿದ್ದ ಊರ ಮಾಸ್ತರ ಮಗ ಮಾಡಿಸಿದ ವಿಮೆಯ ಹಣ ಬಂದರೆ ಇನ್ನೊಂದು ಎಮ್ಮೆ ಕೊಳ್ಳುವ ಆಸೆ.

“ಕಿವಿ ಹೆಂಗ ಹರೀತಮ್ಮ?”

“ವಾಲಿ ತೂಕಕ್ಕರೀ ಸಾಹೇಬ್ರ. ಅಷ್ಟು ಬಂಗಾರ ಕಿವಿ ಎಷ್ಟಂತ ಹೊರತೈತಿ?”

ಓಣಿಯವರು ತಲೆಯಾಡಿಸಿದರು. ಮ್ಯಾನೇಜರು ಪೆನ್ನು ಕೆಳಗಿಟ್ಟರು. “ಹಂಗಾದ್ರ ಅಪಘಾತ ಅಲ್ಲ. ರೊಕ್ಕ ಬರಂಗಿಲ್ಲ.”

ಆಕೆ ನೀರು ಕೇಳುವ ನೆಪದಲ್ಲಿ ನನ್ನನ್ನು ಮಡಕೆಯ ಹತ್ತಿರ ಕರೆದಳು.

“ತಂಗಿ, ಆಡು ಸೆರಗು ತಿನ್ನಾಕ ಬಂದು ವಾಲಿ ಹಿಡದು ಜಗ್ತು. ಬಂಗಾರದವೂ ಅಲ್ಲವ್ವ, ಮಸ್ಕಿ ಸಂತ್ಯಾಗ ತಗೊಂಡ ಗಿಲೀಟಿನವು. ಓಣ್ಯಾಗ ಬಂಗಾರ ಅಂತ ಹೇಳೀನಿ.”

“ಆಡು ಜಗ್ಗಿದ್ರ ಅಪಘಾತರೀ ಅಕ್ಕಾರ. ಆದ್ರ ಅದನ್ನ ಬರೀಬೇಕಾಗ್ತೈತಿ.”

“ಬರಿ, ಇಂಗ್ಲಿಷ್‌ನ್ಯಾಗ ಬರಿ. ನಮ್ಮ ಓಣ್ಯಾಗ ಯಾರಿಗೂ ಬರಂಗಿಲ್ಲ.”

೩. ಓದಿ ಹೇಳಿದ್ದು

ಫಾರ್ಮಿನಲ್ಲಿ ಆಡನ್ನೇ ಬರೆದೆ; ರಾಯಚೂರಿನ ಡಾಕ್ಟರ ಚೀಟಿಯಲ್ಲೂ ಆಡೇ ಇತ್ತು, ಮ್ಯಾನೇಜರು ಎರಡನ್ನೂ ಓದಿ ಸಹಿ ಹಾಕಿದರು. ಎರಡು ತಿಂಗಳಿಗೆ ಚೆಕ್ಕು ಬಂತು, ಜೊತೆಗೊಂದು ಇಂಗ್ಲಿಷ್ ಪತ್ರ. ಆಕೆ ತೆಗೆದುಕೊಳ್ಳಲು ಬಂದಾಗಲೂ ಓಣಿಯವರು ಬೆನ್ನಿಗಿದ್ದರು.

“ಏನ್ ಬರದಾರ, ಓದಿ ಹೇಳವ್ವ,” ಎಂದಳು ಒಬ್ಬಳು.

ಮೊದಲ ಸಾಲಿನಲ್ಲೇ ಆಡು ನಿಂತಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಲ್ಕು ಜನರೆದುರು ನಾನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಬಂಗಾರ ಬಾಳ ತೂಕ ಇತ್ತಂತ. ಅದಕ್ಕ ರೊಕ್ಕ ಮಂಜೂರು ಮಾಡ್ಯಾರ.”

ಆಕೆ ಸೆರಗು ಸರಿಸಿ, ಹೊಲಿದ ಕಿವಿಯನ್ನು ಅವರ ಕಡೆ ತಿರುಗಿಸಿದಳು.

ಮುಂದಿನ ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ಜವಳಗೇರಾದ ಐದು ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ಎಲ್ಲರದೂ ಹರಿದ ಕಿವಿ, ಎಲ್ಲರದೂ ಬಂಗಾರದ ತೂಕ.

“ಓದಿ ಹೇಳಿದ ಹುಡುಗಿ ಎಲ್ಲದಾಳ್ರಿ?” ಎಂದು ಮ್ಯಾನೇಜರನ್ನು ಕೇಳುತ್ತಿದ್ದರು.

ನಾನು ಮಡಕೆಯ ಹಿಂದೆ ನಿಂತು ಮೂರನೆಯ ಲೋಟ ನೀರು ಕುಡಿಯುತ್ತಿದ್ದೆ.