ರಾಮೇಶ್ವರದ ಬಾಟಲಿಗೆ ಕಾಶಿಯ ನೀರು

ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳಿಗೆಂದು ಎದ್ದು ನಿಂತ ಗಾಜಿನ ಕಟ್ಟಡಗಳ ಒಳಗೆ ಎಷ್ಟೋ ಗೋಡೆಗಳು ನನ್ನ ಕೈಯವು. ಮೇಸ್ತ್ರಿ ಹಣಮಂತಪ್ಪ ತೂಗುಗುಂಡು ಬಿಟ್ಟರೆ ಗೋಡೆ ಕೂದಲೆಳೆಯಷ್ಟೂ ವಾಲುವುದಿಲ್ಲ ಎಂದು ಗುತ್ತಿಗೆದಾರರೇ ಹೇಳುತ್ತಿದ್ದರು. ಅಂಥವನನ್ನು ಒಂದು ನೀರಿನ ಬಾಟಲಿ ಕೆಡವೀತೆಂದು ಯಾರು ಅಂದುಕೊಂಡಾರು!

ನಮ್ಮ ಮೊಮ್ಮಗಳು ಕವಿತಾ ಇದೇ ಊರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂಬುದು ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಕಾಚಿಗೂಡದ ಚಹಾದಂಗಡಿಯಿಂದ ಕೋಠಿಯ ಔಷಧದಂಗಡಿಯವರೆಗೆ ಎಲ್ಲರಿಗೂ ವಿವರಿಸಿ ಮುಗಿಸಿದ್ದೆ!

ಒಂದು ಭಾನುವಾರ ಬೆಳಿಗ್ಗೆ ಅವಳು ಸಿಕಂದರಾಬಾದಿನಲ್ಲಿ ರೈಲಿಳಿದು, ಐಸ್ ಡಬ್ಬಿ ಹೊತ್ತು ನಮ್ಮ ಮನೆಗೆ ಬಂದಳು. ಐಸ್ ಕರಗತೊಡಗಿತ್ತು. ಪ್ರಯೋಗಾಲಯದ ತಣ್ಣನೆಯ ಕೋಣೆಗೆ ಬೀಗ ಬಿದ್ದಿತ್ತು. ಕೈಗೆ ರಬ್ಬರಿನ ಗ್ಲೌಸ್ ಏರಿಸಿ, ಡಬ್ಬಿಯೊಳಗಿನ ನೀರಿನ ಬಾಟಲಿಗಳನ್ನು ಒಂದೊಂದಾಗಿ ನಮ್ಮ ಫ್ರಿಜ್ಜಿನಲ್ಲಿಟ್ಟಳು.

"ಎಲ್ಲೀ ನೀರವ್ವ ಇದು?"

"ರಾಮೇಶ್ವರದ ಕಡೀ ಸಮುದ್ರದ್ದು, ಅಜ್ಜಾ. ಕೀಲಿ ತರಾಕ ಹೊಂಟೀನಿ. ಬರೋತನಕ ಯಾರೂ ಮುಟ್ಟಬ್ಯಾಡ್ರಿ. ಕೈ ತಾಗಿದ್ರ ಎಲ್ಲಾ ಕೆಡ್ತದ."

ರಾಮೇಶ್ವರ! ನನ್ನ ರೋಮ ನಿಮಿರಿತು. ತೀರ್ಥವನ್ನು ಮೈಲಿಗೆಯ ಕೈಯಿಂದ ಮುಟ್ಟಬಾರದು ಎಂದು ನನಗೆ ಇವಳು ಹೇಳಬೇಕೆ? ಪಾಪ, ಸ್ನಾನಕ್ಕೆ ಪುರುಸೊತ್ತಿಲ್ಲದೆ ಹುಡುಗಿ ಗ್ಲೌಸ್ ಹಾಕಿಕೊಂಡಿದ್ದಾಳೆ! ನಾನು ತಣ್ಣೀರು ಸುರಿದುಕೊಂಡೆ. ಒದ್ದೆ ಧೋತರ ಉಟ್ಟೆ. ಫ್ರಿಜ್ಜಿಗೆ ಊದುಬತ್ತಿ ಬೆಳಗಿದೆ.

"ಏನ್ರಿ, ಕೂಸು ಮುಟ್ಟಬ್ಯಾಡ ಅಂದದ," ಎಂದಳು ನನ್ನ ಹೆಂಡತಿ ನಾಗಮ್ಮ.

"ನಿನಗ ಅಂದದ. ನಾ ಜಳಕಾ ಮಾಡೀನಿ!"

ಒಂದು ಬಾಟಲಿಯ ಮುಚ್ಚಳ ತೆಗೆದೆ. ನಾಗಮ್ಮನಿಗೆ ಒಂದು ಚಮಚ, ನನಗೆ ಎರಡು. ಹೆಪ್ಪಿಗೆ ಮೊಸರು ಕೇಳಲು ಬಂದ ಎದುರುಮನೆಯ ಲಕ್ಷ್ಮಮ್ಮನನ್ನು ಬರಿಗೈಲಿ ಕಳಿಸುವುದು ಹೇಗೆ? ಆಕೆ ಅಂಗೈಯೊಡ್ಡಿ ಹೀರಿ, ಕಣ್ಣು ಮುಚ್ಚಿದಳು.

"ಅಯ್ಯೋ ದೇವುಡಾ! ಎಷ್ಟು ಉಪ್ಪು ಐತಿ! ಅಸಲಿ ತೀರ್ಥ! ಇನ್ನೊಂದು ಚಮಚ ಹಾಕ್ರಿ ಮೇಸ್ತ್ರಿಗಾರು."

ಹಾಕಿದೆ. ಮನೆಯವರಿಗೆಲ್ಲ ಬೇಕೆಂದಳು. ಒಂದು ಲೋಟ ಕೊಟ್ಟೆ. ಬಾಟಲಿ ಅರ್ಧಕ್ಕಿಳಿಯಿತು. ತೀರ್ಥದ ಪಾತ್ರೆ ಅರ್ಧ ಇರಬಾರದಲ್ಲ! ದೇವರ ಗೂಡಿನಲ್ಲಿ ಕಾಶಿಯಿಂದ ತರಿಸಿದ ಗಂಗೆಯ ಗಿಂಡಿ ಇತ್ತು. ಕೊನೆಗಾಲಕ್ಕೆ ನಮ್ಮ ಬಾಯಿಗೆ ಬಿಡಲೆಂದು ಬೆಸುಗೆ ಹಾಕಿಸಿಟ್ಟದ್ದು. ಬೆಸುಗೆ ಒಡೆದೆ. ಕತ್ತಿನವರೆಗೆ ತುಂಬಿದೆ. ಕಾಶಿ, ರಾಮೇಶ್ವರ, ಎರಡೂ ಒಂದೇ ಬಾಟಲಿಯಲ್ಲಿ! ಸಂಶೋಧನೆಗೆ ಇದಕ್ಕಿಂತ ಬಲ ಬೇಕೆ?

ಕವಿತಾ ಕೀಲಿ ತಂದಳು, ಬಾಟಲಿಗಳನ್ನು ಹೊಸ ಐಸಿನಲ್ಲಿ ತುಂಬಿಕೊಂಡಳು, ನಿಂತೇ ಚಹಾ ಕುಡಿದಳು.

"ಇದರಾಗ ಏನು ಹುಡುಕ್ತೀ ತಂಗಿ?" ಎಂದೆ ಹೆಮ್ಮೆಯಿಂದ.

"ಸಮುದ್ರದಾಗ ಹವಳ ಅದಾವಲ್ಲ ಅಜ್ಜಾ, ಅವು ಕಲ್ಲಲ್ಲ, ಜೀವ. ದಂಡಿ ಮ್ಯಾಲಿನ ಹೊಲಸು ತಾಗಿ ಬ್ಯಾನಿ ಬೀಳಾಕತ್ತಾವ. ಆ ಹೊಲಸಿನ ಸೂಕ್ಷ್ಮಜೀವಿ ಮನುಷ್ಯಾನ ಹೊಟ್ಟಿದೋ, ದನದ ಹೊಟ್ಟಿದೋ ಅಂತ ಹುಡುಕೋದು. ಬೀಗತನಕ್ಕ ಬಂದೋರ ಕುಲ, ಬೆಡಗು ಕೇಳ್ತೀರಲ್ಲ, ಹಂಗ ಅದರ ವಂಶದ ಗುರುತು ಕೇಳ್ತೀವಿ."

"ಯಾವ ಹೊಲಸವ್ವ?"

"ಸಂಡಾಸಿಂದು, ಅಜ್ಜಾ."

ನಾಗಮ್ಮನ ಕೈಯಲ್ಲಿದ್ದ ಚಹಾದ ಬಸಿ ಕೆಳಗೆ ಬಿತ್ತು.

ಕವಿತಾ ಇದಾವುದನ್ನೂ ಗಮನಿಸದೆ ಹೇಳುತ್ತಲೇ ಇದ್ದಳು. ಆ ದಂಡೆಯ ಊರಿನಲ್ಲಿ ಎಲ್ಲರೂ ದನ ಸಾಕುವವರ ಮೇಲೆ ಬೆರಳು ಮಾಡಿದ್ದಾರಂತೆ. ಅವರನ್ನು ಅಲ್ಲಿಂದ ಎಬ್ಬಿಸಬೇಕೆಂಬ ಮಾತು ನಡೆದಿದೆಯಂತೆ. "ತಪ್ಪು ಯಾರದು ಅಂತ ಈ ನೀರೇ ಹೇಳಬೇಕು," ಎಂದು ಡಬ್ಬಿಯನ್ನು ಕೂಸಿನಂತೆ ಅಪ್ಪಿಕೊಂಡಳು. ಅವಳ ಮುಖ ನೋಡಿ, ನಿಜ ಹೇಳುವ ಬದಲು ಹೋಗಿ ಆಟೋ ಕರೆದೆ. ಆಟೋ ಹೊರಟುಹೋಯಿತು.

ಆಮೇಲಿನ ನನ್ನ ಉದ್ಯೋಗವೆಂದರೆ ಲಕ್ಷ್ಮಮ್ಮನ ಮನೆಯ ಕಾವಲು. ಆಕೆ ಚೊಂಬು ಹಿಡಿದು ಅವಸರದಲ್ಲಿ ಹಿತ್ತಲಿಗೆ ಹೋದಳು. ನನ್ನ ಜೀವ ಬಾಯಿಗೆ ಬಂತು! ತುಳಸಿಗೆ ನೀರು ಹಾಕಿ ವಾಪಸಾದಳು. ಆಕೆಯ ಗಂಡ ಹೊಟ್ಟೆ ಸವರಿಕೊಂಡ. ನಾನು ದೇವರಿಗೆ ಹರಕೆ ಹೊತ್ತೆ. ಆತ ತೇಗಿದ. ಹರಕೆ ದಂಡ!

ವಾರ ಕಳೆದರೂ ಯಾರಿಗೂ ಏನೂ ಆಗಲಿಲ್ಲ. ಆದರೆ ನನಗೆ ನಿದ್ದೆ ಹತ್ತಲಿಲ್ಲ. ಕಾಶಿಯ ನೀರಿನಲ್ಲಿ ದನದ ಸೂಕ್ಷ್ಮಜೀವಿ ಇದ್ದರೆ? ಎಲ್ಲಿಯೋ ಸಮುದ್ರದ ದಂಡೆಯ ಬಡವರು ನನ್ನ ಗಿಂಡಿಯಿಂದಾಗಿ ಮನೆ ಕಳೆದುಕೊಂಡರೆ? ಕವಿತಾಳ ಓದಿನ ಗತಿ?

"ಗ್ವಾಡಿ ವಾಲಿದ್ರ ಏನ್ ಮಾಡ್ತಿದ್ರಿ?" ಎಂದಳು ನಾಗಮ್ಮ.

"ಕೆಡವಿ ಕಟ್ಟತಿದ್ನಿ."

"ಹಂಗಾರ ಏಳ್ರಿ."

ಗಿಂಡಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪ್ರಯೋಗಾಲಯದ ಗೇಟಿನಲ್ಲಿ ಕಾವಲುಗಾರ ಗಿಂಡಿಯತ್ತ ಬೆರಳು ತೋರಿಸಿ ತಡೆದ. "ಇಸ್ಮೆ ಕ್ಯಾ ಹೈ, ಚಾಚಾ?"

"ಗಂಗಾ."

ಅವನು ಕೈ ಮುಗಿದು ಕವಿತಾಳನ್ನು ಕರೆಸಿದ. ಬಂದವಳ ಹುಬ್ಬು ಗಂಟಿಕ್ಕಿತ್ತು.

"ಅಜ್ಜಾ, ನೀವ್ಯಾಕ ಬಂದ್ರಿ? ನಮ್ಮದೇ ಇಲ್ಲಿ ತಲಿ ಕೆಟ್ಟದ. ಒಂದೇ ಜಾಗದ ಮೂರು ಬಾಟಲಿಯೊಳಗ ಎರಡು ಒಂದೇ ಮಾತು ಹೇಳ್ತಾವ. ಮೂರನೇದರಾಗ ಉಪ್ಪು ಕಡಿಮಿ, ಹೊಳಿ ನೀರಿನ ಬೆಡಗಿನ ಸೂಕ್ಷ್ಮಜೀವಿ ಬಂದು ಕುಂತಾವ. ಸಮುದ್ರಕ್ಕ ಅವು ಹೆಂಗ ಬಂದ್ವು?"

ಗಿಂಡಿಯನ್ನು ಅವಳ ಕೈಗಿಟ್ಟೆ.

ಒಡೆದ ಬೆಸುಗೆ ನೋಡಿದಳು. ನನ್ನನ್ನು ನೋಡಿದಳು. ಮುಖ ಕೆಂಪಾಯಿತು. ಆಮೇಲೆ ಏನೋ ಹೊಳೆದು ಬಿಳುಪಾಯಿತು.

"ಅಜ್ಜಾ... ಬಾಟಲಿಯಾಗಿಂದ ತಗದ ನೀರು ಏನ್ ಮಾಡಿದ್ರಿ? ಕುಡದ್ರ್ಯಾ?"

"ಎರಡು ಚಮಚ."

"ಹೊಟ್ಟಿ ಹೆಂಗದ?"

"ಹೊಟ್ಟಿ ಇರಲಿ ತಂಗಿ, ದನದೋರ ಗತಿ ಏನು?"

"ಉಳಿದೆರಡು ಬಾಟಲಿ ಸಾಕ್ಷಿ ಹೇಳ್ಯಾವ. ದನದ್ದಲ್ಲ, ಮನುಷ್ಯಾರದ್ದು. ದಂಡಿ ಮ್ಯಾಲಿನ ಮೋರಿದು."

ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಕಣ್ಣೊರೆಸಿಕೊಂಡು ಕೇಳಿದೆ: "ಒಂದೇ ಜಾಗದ್ದು ಮೂರು ಬಾಟಲಿ ಯಾಕ ತರ್ತೀಯವ್ವ?"

"ಮನ್ಯಾಗ ಅಜ್ಜ ಇರ್ತಾರಂತ!"

ಈಗ ಆ ಪ್ರಯೋಗಾಲಯದಲ್ಲಿ ಯಾವ ಬಾಟಲಿಗೆ ಹೊರಗಿನದೇನಾದರೂ ಬೆರೆತರೂ "ಇದರಾಗ ಅಜ್ಜ ಬಿದ್ದಾನ" ಎನ್ನುತ್ತಾರಂತೆ. ತೆಲುಗಿನವರೂ ಅಷ್ಟು ಕನ್ನಡ ಕಲಿತಿದ್ದಾರೆ. ವಿಜ್ಞಾನದಲ್ಲಿ ನನ್ನ ಹೆಸರು ಸೇರಿತೆಂದು ಕಾಚಿಗೂಡದಲ್ಲೆಲ್ಲ ಹೇಳಿಕೊಂಡು ಬಂದೆ. "ಯಾವುದರ ಜೋಡಿ ಸೇರಿತು ಅನ್ನೋದೂ ಹೇಳ್ರಿ," ಎಂದಳು ನಾಗಮ್ಮ.

ಉಳಿದಿದ್ದ ಗಂಗೆಯೂ ಪ್ರಯೋಗಾಲಯದ ಪಾಲಾಗಿ ಗಿಂಡಿ ಖಾಲಿ. ಯಾರಾದರೂ ಕಾಶಿಗೆ ಹೋಗಿ ಬರುವತನಕ ನಾನು ಸಾಯುವ ಹಾಗೂ ಇಲ್ಲ! ತಂದರೂ, ಅದನ್ನು ನನ್ನ ಕೈಗೆ ಸಿಗದಂತೆ ಲಕ್ಷ್ಮಮ್ಮನ ಮನೆಯಲ್ಲಿ ಇಡುವುದೆಂದು ತೀರ್ಮಾನವಾಗಿದೆ.